ಏಳು ಗಂಟೆಯ ದನಿ

ಬೆಳಗಿನ ಏಳರಿಂದ ಎಂಟರವರೆಗೆ ಉದಯಕುಮಾರ್ ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವನ ದನಿ ಕೊಳ್ಳೇಗಾಲದ ಹೋಟೆಲುಗಳಲ್ಲಿ, ಯಳಂದೂರಿನ ಕಟಿಂಗ್ ಶಾಪುಗಳಲ್ಲಿ, ಹನೂರಿನಾಚೆ ಕಾಡಂಚಿನ ಕೊಟ್ಟಿಗೆಗಳಲ್ಲಿ ಮಾತಾಡುತ್ತಿರುತ್ತಿತ್ತು. ದನಿ ಅಲ್ಲಿರುವಾಗ ಆಳು ಹಾಲಿನ ಡೈರಿ ಮುಂದೆ ನಿಂತಿದ್ದರೆ ಕಂಡವರು ಏನೆಂದುಕೊಂಡಾರು?

ವರ್ಷಗಟ್ಟಲೆ ಅವನು ಬಸ್‌ಸ್ಟ್ಯಾಂಡಿನ ಹಿಂದಿನ ಮಹಡಿಯಲ್ಲಿದ್ದ ಊರ ರೇಡಿಯೋದಲ್ಲಿ ದಿನಾ ಬೆಳಿಗ್ಗೆ ಮೈಕಿನ ಮುಂದೆ ಕೂತು ಮಾತಾಡಿದವನು. ತಪ್ಪಿಸಿಕೊಂಡ ಹಸು, ಬೆಟ್ಟದ ಬಸ್ಸಿನಲ್ಲಿ ಬಿಟ್ಟ ಬ್ಯಾಗು, ರೇಷ್ಮೆಗೂಡಿನ ಧಾರಣೆ, ಕೊನೆಗೆ ಸತ್ತವರ ಸುದ್ದಿ: ಯಾವೂರು, ಯಾರ ಮಗ, ಮಣ್ಣು ಎಷ್ಟು ಹೊತ್ತಿಗೆ. ಸುತ್ತಿನವರು ಇದಕ್ಕೆ ರೇಡಿಯೋಲಿ ಕೂಗಿಸೋದು ಅನ್ನುತ್ತಿದ್ದರು. ಕೂಗಿಸಿದ ಮೇಲೆ ನೆಂಟರ ಊರಿಗೆ ಆಳು ಕಳಿಸುವ ಪದ್ಧತಿಯೇ ಬಿಟ್ಟುಹೋಗಿತ್ತು.

ಹೋದ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಕಂಪನಿ ರೇಡಿಯೋವನ್ನು ಕೊಂಡುಕೊಂಡಿತು. ಉಳಿದವರನ್ನೆಲ್ಲ ಮನೆಗೆ ಕಳಿಸಿ ಇವನೊಬ್ಬನನ್ನು ಜಾಹೀರಾತು ತರುವುದಕ್ಕೆಂದು ಇಟ್ಟುಕೊಂಡಿತು. ವಾರಕ್ಕೊಮ್ಮೆ ಒಂದೇ ಸಲಕ್ಕೆ ಕೂತು ಅಷ್ಟೂ ಬೆಳಗಿನ ಮಾತು ರೆಕಾರ್ಡು ಮಾಡಿಕೊಟ್ಟರೆ, ಮಿಕ್ಕದ್ದನ್ನು ಅಲ್ಲಿನ ಕಂಪ್ಯೂಟರು ನೋಡಿಕೊಳ್ಳುತ್ತಿತ್ತು. ಹೊರಗೆ ಹೇಳಬೇಡಿ ಎಂದಿದ್ದರು. ಅವರು ಅನ್ನದಿದ್ದರೂ ಅವನು ಹೇಳುತ್ತಿರಲಿಲ್ಲ. ಬೀದಿಯಲ್ಲಿ ‘ಬೆಳಗ್ಗೆ ಕೇಳುದ್ವಿ ಸಾ’ ಅನ್ನಿಸಿಕೊಳ್ಳುವ ರುಚಿ ಅವನಿಗೆ ಹತ್ತಿತ್ತು. ಸಾವಿನ ಸುದ್ದಿ ಯಾಕೆ ನಿಂತಿತು ಎಂದವರಿಗೆ, ಈಗ ಎಲ್ಲರ ಹತ್ತಿರ ಫೋನಿದೆಯಲ್ಲ ಎಂದು ಜಾರಿಕೊಳ್ಳುತ್ತಿದ್ದ.

ಒಂದು ದಿನ ಧನಗೆರೆಯ ಗುರುಪ್ರಕಾಶ್ ಅವನ ಮನೆಗೆ ಬಂದಾಗ ಇನ್ನೂ ದೀಪ ಹಚ್ಚುವ ಹೊತ್ತು. ಗುರುಪ್ರಕಾಶನ ತಂದೆ ಗುರುಮಲ್ಲಪ್ಪ ಮಧ್ಯಾಹ್ನ ತೀರಿಕೊಂಡಿದ್ದರು. ನಾಳೆ ಹೊತ್ತು ನೆತ್ತಿಗೆ ಬರುವಾಗ ಮಣ್ಣು. ಎಲ್ಲರಿಗೂ ಫೋನು ಮಾಡಿಯಾಗಿತ್ತು. ಉಳಿದವಳು ಗುರುಮಲ್ಲಪ್ಪನ ಒಬ್ಬಳೇ ತಂಗಿ ಚನ್ನಮಲ್ಲಮ್ಮ. ಹನೂರಿನಾಚೆ ಅವಳ ತೋಟದ ಮನೆಗೆ ಸಿಗ್ನಲ್ ಸಿಗುವುದಿಲ್ಲ, ರೇಡಿಯೋ ಮಾತ್ರ ಸಿಗುತ್ತದೆ. ಒಡಹುಟ್ಟಿದವರ ಕೈಯ ಹಿಡಿಮಣ್ಣು ಮೊದಲು ಬೀಳಬೇಕು, ಆಮೇಲೆ ಮಕ್ಕಳದ್ದು. ಅದು ಅವರ ಮನೆತನದ ರೂಢಿ.

“ನೀವೊಂದು ಕಿತ ಕೂಗ್ಬುಡಿ ಸಾ, ಸಾಕು. ಅತ್ತೆ ಮೊದ್ಲ ಬಸ್ಸಿಗೇ ಬತ್ತದೆ” ಎಂದ ಗುರುಪ್ರಕಾಶ್.

ಆಗುವುದಿಲ್ಲ ಎನ್ನಲು ಉದಯಕುಮಾರನ ಬಾಯಿ ತೆರೆಯಿತು. ಬಂದದ್ದು, “ಆಯ್ತು, ನೀವು ಮನೆ ಕಡೆ ನೋಡ್ಕೊಳ್ಳಿ.”

ಅವನು ಹೋದಮೇಲೆ ಉದಯಕುಮಾರ್ ಬೆಂಗಳೂರಿಗೆ ಫೋನು ಮಾಡಿದ. ಕಾರ್ಯಕ್ರಮ ನೋಡಿಕೊಳ್ಳುವ ಸೌಮ್ಯ ಎಂಬ ಹುಡುಗಿ ಮೆತ್ತಗೇ ಮಾತಾಡಿದಳು. ನಾಳಿನದೆಲ್ಲ ಆಗಲೇ ಸೇರಿಸಿಟ್ಟಿದೆ, ಅಲ್ಲದೆ ಬೆಳಿಗ್ಗೆ ಬೆಳಿಗ್ಗೆ ಸಾವಿನ ಮಾತು ಬೇಡ ಸರ್, ಜಾಹೀರಾತಿನವರು ಒಪ್ಪೋದಿಲ್ಲ ಎಂದಳು. ಇನ್ನೂ ಹೊತ್ತು ಮೀರಿರಲಿಲ್ಲ. ಗುರುಪ್ರಕಾಶನ ನಂಬರು ಫೋನಿನಲ್ಲಿತ್ತು. ತಾನೇ ಬೈಕು ಹತ್ತಿದ್ದರೂ ಹನೂರು ದೂರವಲ್ಲ. ಆದರೆ ಯಾಕೆ ಕೂಗಲಿಲ್ಲ ಅಂತ ಕೇಳಿದರೆ? ಹನೂರಿನ ಕಡೆಯ ಯಾರಾದರೂ ಅವಳಿಗೆ ತಿಳಿಸಿಯೇ ತಿಳಿಸುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡು ಊಟಕ್ಕೆ ಕೂತ.

ಬೆಳಿಗ್ಗೆ ಪಕ್ಕದ ಮನೆಯಿಂದ ಅವನ ದನಿಯೇ ಗೋಡೆ ದಾಟಿ ಬಂತು. “ಏನ್ರಪ್ಪಾ, ಎಲ್ಲ ನಗ್‌ನಗ್ತಾ ಎದ್ದಿದ್ದೀರಾ?” ಎಂದು ಕೇಳಿ ತಾನೇ ಗಟ್ಟಿಯಾಗಿ ನಕ್ಕಿತು.

ಧನಗೆರೆಗೆ ಹೋಗದೆ ವಿಧಿಯಿರಲಿಲ್ಲ. ಗುರುಮಲ್ಲಪ್ಪನಿಗೆ ವಿಭೂತಿ ಧರಿಸಿ ಜಗಲಿಯ ಮೇಲೆ ಕೂರಿಸಿದ್ದರು. ಸಾವಿನ ಮನೆಯಲ್ಲಿ ರೇಡಿಯೋ ಹಾಕಿದವರಿರಲಿಲ್ಲ. ರೇಡಿಯೋದವರು ಕೂಗವ್ರೆ, ಅತ್ತೆ ಬತ್ತಾವ್ರೆ ಎಂದು ಗುರುಪ್ರಕಾಶ್ ಬಂದವರಿಗೆಲ್ಲ ಹೇಳುತ್ತಿದ್ದ. ಯಾರೋ ಉದಯಕುಮಾರನಿಗೆ ಕುರ್ಚಿ ತಂದು ನೆರಳಿಗೆ ಹಾಕಿದರು. ಬಸ್ಸಿನ ಸದ್ದಾದಾಗೆಲ್ಲ ಜನ ರಸ್ತೆಯ ಕಡೆ ತಿರುಗುತ್ತಿದ್ದರು. ಅವನು ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ. ಬಿಸಿಲು ಇಳಿಯತೊಡಗಿದಾಗ, ಕ್ರಿಯೆ ನಡೆಸಲು ಬಂದಿದ್ದ ಅಯ್ಯನವರು ಇನ್ನು ಕಾಯುವುದು ಸರಿಯಲ್ಲ ಎಂದರು. ಹೊಲದ ಬದಿಯ ಗುಂಡಿಗೆ ಮಗನೇ ಮೊದಲ ಹಿಡಿ ಹಾಕಿದ.

ಜನ ಹೊಲದ ನೀರಿನ ತೊಟ್ಟಿಯ ಬಳಿ ಕೈಕಾಲು ತೊಳೆಯುತ್ತಿದ್ದಾಗ ಚನ್ನಮಲ್ಲಮ್ಮ ಬಂದಳು. ಸಾವಿನ ಸುದ್ದಿ ತಿಳಿದಿದ್ದ ಮಧ್ಯಾಹ್ನದ ಬಸ್ಸಿನ ಕಂಡಕ್ಟರು ದಾರಿಯಲ್ಲಿ ಅವಳನ್ನು ಕಂಡು, ಅಣ್ಣನ ಮಣ್ಣಿಗೆ ಹೋಗದೆ ನೀನು ಇನ್ನೂ ಇಲ್ಲೇ ಇದ್ದೀಯಾ ಎಂದು ಕೇಳಿದ್ದನಂತೆ. ಹಸಿಮಣ್ಣಿನ ಗುಡ್ಡೆ ನೋಡಿದವಳು ಅಳಲೂ ಇಲ್ಲ, ಅಲ್ಲೇ ಕುಕ್ಕರುಬಡಿದಳು.

“ಉದಯಣ್ಣಾರು ಕೂಗುದ್ರಲ್ಲತ್ತೆ, ರೇಡಿಯೋ ಬುಟ್ಟು ಎಲ್ಲಿಗ್ ಓಗಿದ್ದೆ ನೀನು?” ಗುರುಪ್ರಕಾಶನ ಮಾತಿನಲ್ಲಿ ಸಿಟ್ಟಿತ್ತು.

“ಆಕಂಡೇ ಇದ್ನಲ್ಲಪ್ಪ. ನಡುವ್ಲಾಗೆ ಎಮ್ಮೆಗ್ ನೀರ್ ಕುಡ್ಸಕ್ ಓದೆ. ಅದ್ರಾಗೇ ಕೂಗ್ಬುಟ್ಟವ್ರೆ ಕಣಪ್ಪ. ನಂದೇ ತಪ್ಪು.” ಅವಳು ಉದಯಕುಮಾರನ ಕಡೆ ತಿರುಗಿದಳು. “ಎಷ್ಟೊತ್ನಲ್ಲಿ ಕೂಗುದ್ರಿ ಸಾ?”

ಒಂದು ಹೊತ್ತು ಹೇಳಿಬಿಟ್ಟರೆ ಸಾಕಿತ್ತು. ಅವಳು ಅದನ್ನು ಎಮ್ಮೆಗೆ ನೀರು ಕುಡಿಸಿದ ಹೊತ್ತಿಗೆ ಗಂಟುಹಾಕಿ, ಸಾಯುವತನಕ ತನ್ನದೇ ತಪ್ಪು ಎಂದುಕೊಂಡಿರುತ್ತಿದ್ದಳು. ನಾಲಿಗೆಯ ತುದಿಗೆ ಬಂದಿತ್ತು ಕೂಡ.

“ನಾನು ಕೂಗ್ಲಿಲ್ಲ ಕಣವ್ವ,” ಎಂದ.

ತೊಟ್ಟಿಯ ಬಳಿ ನೀರಿನ ಸದ್ದು ನಿಂತಿತು. ನಿಮ್ಮ ಮಾತು ಬಂತಲ್ಲ, ನಗ್ತಾ ಇದ್ರಲ್ಲ ಎಂದಳು ಅವಳು. ಅದು ಯಾವತ್ತೋ ಆಡಿಟ್ಟ ಮಾತು, ಅಲ್ಲಿ ಈಗ ತಾನಿರುವುದಿಲ್ಲ ಎಂದು ಅವನು ತಡವರಿಸಿ ಹೇಳಿದ. ಕಂಪನಿಯವರು ಒಪ್ಪಲಿಲ್ಲ ಎಂದೂ ಸೇರಿಸಿದ.

“ಅವ್ರು ಒಪ್ನಿಲ್ಲ, ಸರಿ,” ಎಂದ ಗುರುಪ್ರಕಾಶ್ ದನಿ ಎತ್ತದೆ. “ಆಗಲ್ಲ ಅಂತ ನಂಗೊಂದ್ ಮಾತಂದಿದ್ರೆ ನಾನೇ ಓಗಿ ಕರ್ಕಂಡ್ ಬತ್ತಿರ್ನಿಲ್ವಾ ಸಾ?”

ಚನ್ನಮಲ್ಲಮ್ಮ ಎದ್ದು, ಮುಚ್ಚಿದ ಗುಂಡಿಯ ಮೇಲೆ ಒಂದು ಹಿಡಿ ಮಣ್ಣು ಹಾಕಿ ಕೈ ಊರಿಕೊಂಡು ಕೂತಳು. ಯಾರೂ ಅವನನ್ನು ಹೋಗು ಎನ್ನಲಿಲ್ಲ. ಮನೆಯ ಮುಂದೆ ಅವನಿಗೆಂದು ನೆರಳಿಗೆ ಹಾಕಿದ್ದ ಕುರ್ಚಿಯನ್ನು ಮಾತ್ರ ಯಾರೋ ಒಳಗೆ ತೆಗೆದಿಟ್ಟಿದ್ದರು.

ಮಾರನೆಯ ಬೆಳಿಗ್ಗೆ ಏಳಕ್ಕೆ ಉದಯಕುಮಾರ್ ಬಸ್‌ಸ್ಟ್ಯಾಂಡಿನ ನಟರಾಜುವಿನ ಹೋಟೆಲಿಗೆ ಹೋಗಿ, ರೇಡಿಯೋ ಇಟ್ಟಿದ್ದ ಗೂಡಿನ ಕೆಳಗೇ ಕೂತ. ಮೇಲೆ ಅವನ ದನಿ ಊರಿಗೆಲ್ಲ ಶುಭೋದಯ ಹೇಳುತ್ತಿತ್ತು. ನಟರಾಜು ರೇಡಿಯೋ ನೋಡಿದ, ಇವನನ್ನು ನೋಡಿದ. ಬೆಂಚಿನ ಮೇಲಿದ್ದವರೂ ಒಬ್ಬೊಬ್ಬರಾಗಿ ತಿರುಗಿದರು.

“ಒಂದು ಟೀ ಕೊಡು,” ಎಂದ ಉದಯಕುಮಾರ್, ತಲೆ ತಗ್ಗಿಸಿಕೊಂಡೇ.