ಕಾಲುವೆಯ ಬಾಯಿ

"ಇದನ್ನ ಮೀನು ಅಂತೀಯೇನೇ, ಬೋಸುಡಿ?"

ಮೀನುಗಾರಿಕೆ ಅಧಿಕಾರಿ ಬಕ್ರಿ ಬೇ ಬುಟ್ಟಿಯಿಂದ ಬೆನ್ನು ಗೂನಾದ ಬೋಲ್ತಿ ಮೀನೊಂದನ್ನು ಎತ್ತಿ ಬೆಸ್ತರ ಹೆಂಗಸು ಇನ್ಶಿರಾಹಳ ಮುಖಕ್ಕೆ ಎಸೆದ. ಅದು ಕೆನ್ನೆಗೆ ಬಡಿದು ಕೆಸರಿಗೆ ಬಿತ್ತು. ಕೆಂಪಗಿರಬೇಕಾದ ಕಿವಿರು ಒಲೆಯ ಮಸಿಯಂತೆ ಕಪ್ಪಗಿತ್ತು. ದಡದಲ್ಲಿದ್ದ ಬೆಸ್ತರು ತಲೆ ತಗ್ಗಿಸಿದರು.

"ಇನ್ಮೇಲೆ ಮಂಜಲಾ ಸರೋವರಕ್ಕೆ ಯಾವನೂ ಬಲೆ ಹಾಕಂಗಿಲ್ಲ. ಮೀನಿನ ಮೈತುಂಬ ಸೀಸ, ಕ್ಯಾಡ್ಮಿಯಂ. ತಿಂದ ಜನ ಸಾಯ್ತಾರೆ."

ಇನ್ಶಿರಾಹ್ ಕೆನ್ನೆಯ ಲೋಳೆ ಒರೆಸಿಕೊಂಡಳು. "ನಾವು ದಿನಾ ಅದನ್ನೇ ತಿಂತೀವಲ್ಲ ಬೇ ಸಾಹೇಬ್ರೇ. ನಾವು ಜನ ಅಲ್ವಾ?"

"ನಿಮ್ಮ ಹೊಟ್ಟೆಗೆ ಕಲ್ಲು ಹಾಕಿದ್ರೂ ಕರಗ್ತದೆ ಬಿಡು."

ಪಕ್ಕದಲ್ಲಿದ್ದ ಬ್ಯಾಟರಿ ಕಾರ್ಖಾನೆಯ ಮ್ಯಾನೇಜರ್ ಕಿಸಕ್ಕನೆ ನಕ್ಕ. ಆ ನಗು ಅವಳಿಗೆ ತಡೆಯಲಾಗಲಿಲ್ಲ.

"ಸೀಸ ಎಲ್ಲಿಂದ ಬಂತು ಅಂತ ಈ ಹಲ್ಕಿರಿಯೋನ್ನ ಕೇಳಿದ್ರಾ? ಇವನ ಕಾರ್ಖಾನೆಯ ಕೊಳೆ ಕಾಲುವೆ ಹರೀತಾನೇ ಇರ್ಬೇಕು, ನಾವು ಮಾತ್ರ ಬಲೆ ಸುತ್ತಿಡಬೇಕಾ?"

"ಬಾಯಿ ಮುಚ್ಚೇ! ನಾಳೆ ನೀರಲ್ಲಿ ದೋಣಿ ಕಂಡ್ರೆ ಬೆಂಕಿ ಇಡ್ತೀನಿ."

ಗುಡಿಸಲಲ್ಲಿ ಗಂಡ ಶಹಾತ ಊದಿದ ಕಾಲು ಚಾಚಿ ಚಾಪೆಯ ಮೇಲೆ ಬಿದ್ದಿದ್ದ. ಮೂತ್ರಪಿಂಡ ಕೈಕೊಟ್ಟು ವರ್ಷವಾಗಿತ್ತು. ಇನ್ಶಿರಾಹ್ ಉಳಿದ ಮೀನು ಕುಯ್ದಳು. ಮೊಟ್ಟೆ ತುಂಬಿರಬೇಕಾದ ಕಾಲ. ಹೊಟ್ಟೆಯಲ್ಲಿ ಬರೀ ಹಳದಿ ನೀರು. ಕತ್ತಿ ಕೆಳಗಿಟ್ಟಳು.

"ದೋಣಿ ಸುಡ್ತಾರಂತೆ."

"ನಮ್ಮಪ್ಪ ಕಟ್ಟಿದ ದೋಣಿ ಕಣೇ..."

"ಆ ನನ್ಮಕ್ಳ ಕೈಗೆ ಕೊಡಲ್ಲ. ಕೊಡಲಿ ಎಲ್ಲೈತೆ?"

ಶಹಾತ ಮೊಣಕೈ ಊರಿ ಅರ್ಧ ಎದ್ದ. ಆಮೇಲೆ ಮೂಲೆಯತ್ತ ಕೈ ತೋರಿದ.

ಬೆಳಿಗ್ಗೆ ಜೊಂಡಿನ ನಡುವೆ ಬಿದಿರುಗಳದಿಂದ ದೋಣಿ ತಳ್ಳುತ್ತ ಅವಳು ಕಾರ್ಖಾನೆಯ ಕಾಲುವೆ ಸರೋವರಕ್ಕೆ ಸೇರುವ ಕಡೆ ಹೋದಳು. ಅಲ್ಲಿ ಕಾಲುವೆ ಕಿರಿದು. ದೋಣಿಯನ್ನು ಅಡ್ಡ ತಿರುಗಿಸಿ, ಸೊಂಟಮಟ್ಟದ ಕಪ್ಪು ನೀರಿಗಿಳಿದು, ಅದರ ತಳಕ್ಕೆ ಕೊಡಲಿ ಬೀಸಿದಳು. ಹಲಗೆ ಸೀಳಿದ ಸದ್ದಿಗೆ ಅವಳ ಎದೆ ಒಡೆದಂತಾಯಿತು. ಆದರೂ ಕೈ ನಿಲ್ಲಲಿಲ್ಲ; ದೋಣಿ ನೀರು ತುಂಬಿ ಕಾಲುವೆಗೆ ಅಡ್ಡಲಾಗಿ ಕುಸಿಯಿತು.

ನೆರೆಮನೆಯ ಅಬು ದೈಫ್ ಓಡಿಬಂದ. "ತಲೆ ಕೆಟ್ಟದೇನೇ? ರೊಟ್ಟಿ ಕೊಡೋ ದೋಣಿ ಅದು!"

"ನೀರೇ ಸತ್ತೋದ್ಮೇಲೆ ದೋಣಿ ಇಟ್ಕೊಂಡು ಏನ್ ಮಾಡ್ತೀಯಾ? ನಿನ್ ಹೆಣ ಹೊರಾಕಾ?"

ಅವನು ದಡದಲ್ಲಿ ನಿಂತೇ ಇದ್ದ. ಬೈದ, ಉಗುಳಿದ, ಕಣ್ಣೊರೆಸಿಕೊಂಡ. ಕೊನೆಗೆ ತನ್ನ ದೋಣಿಯನ್ನೂ ತಳ್ಳಿಕೊಂಡು ಬಂದ. ಸುದ್ದಿ ಹಬ್ಬಿತು. ಗಂಡಸರು ದೋಣಿ ತಂದರು, ಹೆಂಗಸರು ಮಣ್ಣು, ಕಲ್ಲು, ಜೊಂಡಿನ ಹೊರೆ ಹೊತ್ತರು. ಮಧ್ಯಾಹ್ನದ ಹೊತ್ತಿಗೆ ಕಾಲುವೆಯ ನೀರು ಹಿಂದಕ್ಕೆ ತಿರುಗಿ ಕಾರ್ಖಾನೆಯ ಗೇಟು ದಾಟಿ ಅಂಗಳಕ್ಕೆ ನುಗ್ಗಿತು.

ಮ್ಯಾನೇಜರ್ ಪ್ಯಾಂಟು ಎತ್ತಿಕೊಂಡು ಕುಣಿಯುತ್ತಿದ್ದ. ಬಕ್ರಿ ಬೇ ಕಾಲುವೆಯ ಬಾಯಿಗೆ ಪೊಲೀಸರನ್ನು ಕರೆತಂದ.

"ಇಳೀರೋ! ಆ ಮುಂಡೇನ ಎಳ್ಕೊಂಬನ್ನಿ!"

ಒಬ್ಬ ಪೇದೆ ಕಾಲಿಟ್ಟವನು ಹಾವು ತುಳಿದಂತೆ ಹಿಂದಕ್ಕೆಳೆದುಕೊಂಡ. "ಬೇ, ಇದು ವಿಷದ ನೀರು..."

"ಯಾಕಪ್ಪಾ, ಭಯಾನಾ?" ಇನ್ಶಿರಾಹ್ ಕೂಗಿದಳು. "ಬೇ, ನೀನೇ ಇಳಿ. ನಾವು ಹುಟ್ಟಿದಾಗಿಂದ ಇದ್ರಾಗೇ ನಿಂತೀವಿ!"

ಯಾರೂ ಇಳಿಯಲಿಲ್ಲ. ಬಕ್ರಿ ಬೇ ಪೊಲೀಸರ ಮುಖ ನೋಡಿದ, ಪೊಲೀಸರು ತಮ್ಮ ಬೂಟು ನೋಡಿಕೊಂಡರು. ಇನ್ಶಿರಾಹ್ ಅವರಿಗೆ ಬೆನ್ನು ಹಾಕಿ, ಎರಡು ದೋಣಿಗಳ ಸಂದಿಯಲ್ಲಿ ನೀರು ಜಿನುಗುತ್ತಿದ್ದಲ್ಲಿಗೆ ಒಂದು ಹಿಡಿ ಮಣ್ಣು ಮೆತ್ತಿ, ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದಳು.