ಪರೀಕ್ಷೆಗೆ ಹೋದ ಬಾವಿನೀರು

"ಬಿಳಿಕುಂಟಿ ಬಾವಿ ಸ್ವಚ್ಛ ಐತಿ. ಬರಕೋ ಭೀಮಶ್ಯಾ" ಎಂದು ಬಸಂತರಾಯ ಸರ್ ಹೇಳಿದ್ದೇ ತಡ, ಮೆಹರಾಜ ಕುರ್ಚಿಯಿಂದ ಎದ್ದು ನಿಂತಳು.

"ಇಲ್ರಿ ಸರ. ಆ ಬಾವಿ ಸ್ವಚ್ಛ ಇಲ್ರಿ."

"ಯಾರ ಹೇಳ್ಯಾರ?"

"ರೇವಪ್ಪನ ಕಾಲು ಹೇಳತೈತ್ರಿ."

ಅದು ಎಪ್ಪತ್ತಾರರ ಬೇಸಿಗೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಒಂದಿಷ್ಟು ಬಿ.ಎಸ್ಸಿ. ಮಕ್ಕಳನ್ನು ಕೂಡಿಸಿಕೊಂಡು ಬಸಂತರಾಯ ಸರ್ ನಾರುಹುಣ್ಣಿನ ಬೆನ್ನು ಹತ್ತಿದ್ದರು. ಬಸವನ ಬಾಗೇವಾಡಿಯ ಹೈಸ್ಕೂಲೊಂದಕ್ಕೆ ರಜೆ ಇತ್ತು. ಅದರ ಪ್ರಯೋಗಶಾಲೆಯೇ ಇವರ ಠಿಕಾಣಿ. ಹುಣ್ಣಾದವರು ಮೆಟ್ಟಿಲಬಾವಿಗೆ ಇಳಿದು ನೀರಲ್ಲಿ ಕಾಲಿಟ್ಟರೆ ನಾರು ತನ್ನ ಮರಿಗಳನ್ನು ಅಲ್ಲಿ ಬಿಡುತ್ತದೆ. ಸೈಕ್ಲೋಪ್ಸ್ ಎಂಬ ಕಣದಷ್ಟು ಹುಳ ಅವನ್ನು ನುಂಗುತ್ತದೆ. ಆ ಹುಳವನ್ನು ಜನ ನೀರಿನ ಜೊತೆ ಕುಡಿಯುತ್ತಾರೆ. ಮುಂದಿನ ವರ್ಷ ಅವರ ಕಾಲಿಂದಲೂ ದಾರದಂಥ ನಾರು ಹೊರಬೀಳುತ್ತದೆ. ಯಾವ ಊರ ಬಾವಿಯಲ್ಲಿ ಸೈಕ್ಲೋಪ್ಸ್ ಎಷ್ಟಿದೆ ಎಂದು ನೋಡುವುದೇ ಮಕ್ಕಳ ಕೆಲಸ. ನಾಳೆ ಮಧ್ಯಾಹ್ನ ಸಮಾರೋಪ. ಆರೋಗ್ಯ ಖಾತೆಯ ಸಾಹೇಬರು ಬಂದು ವರದಿ ಒಯ್ಯುತ್ತಾರೆ. ಕೆಟ್ಟ ಬಾವಿ ಎಂದು ಅದರಲ್ಲಿ ಹೆಸರು ಬಂದ ಊರಿಗೆ ಬೋರು ಕೊರೆಸಲು ಕೇಳುತ್ತಾರೆ. ಹೆಸರು ಬರದ ಊರನ್ನು ಯಾರೂ ಹೊರಳಿ ನೋಡುವುದಿಲ್ಲ.

ಮೆಹರಾಜಳ ಪಾಲಿಗೆ ಬಂದದ್ದು ಬಿಳಿಕುಂಟಿ. ಅಲ್ಲಿ ರೇವಪ್ಪನ ಹಿಮ್ಮಡಿಯಿಂದ ನಾರು ಹೊರಬಂದಿತ್ತು. ಅದನ್ನು ಬೆಂಕಿಕಡ್ಡಿಗೆ ಸುತ್ತಿ, ದಿನಕ್ಕೊಂದಿಷ್ಟು ಎಳೆಯುತ್ತಾ ಅವನು ಪಡಸಾಲೆಯಲ್ಲಿ ಬಿದ್ದುಕೊಂಡಿದ್ದ. ಮಿರಗದ ಮಳೆ ಇಂದೋ ನಾಳೆಯೋ ಎನ್ನುತ್ತಿತ್ತು. ಬಿತ್ತುವ ಹೊತ್ತಿಗೆ ಕೂರಿಗೆಯ ಹಿಂದೆ ನಡೆಯಬೇಕಾದವನು ಗೋಡೆ ಹಿಡಿದು ಕೂಡುತ್ತಿದ್ದ. ಅವನ ಓಣಿಯಲ್ಲೇ ಇನ್ನೂ ಮೂರು ಮನೆಯಲ್ಲಿ ಇದೇ ಗೋಳು. ಆದರೆ ಆ ಊರಿಂದ ಬಂದ ಯಾವ ಬಾಟಲಿಯಲ್ಲೂ ಒಂದೇ ಒಂದು ಸೈಕ್ಲೋಪ್ಸ್ ಇರಲಿಲ್ಲ. ಮೆಹರಾಜ ಸೂಕ್ಷ್ಮದರ್ಶಕದಲ್ಲಿ ಕಣ್ಣು ನೆಟ್ಟು ನೆಟ್ಟು ನೋಡಿದ್ದಳು.

"ನೋಡವಾ" ಎಂದರು ಸರ್, ದನಿ ತಗ್ಗಿಸಿ. "ನಿನ್ನ ಸಂಕಟ ನನಗ ತಿಳಿತೈತಿ. ಆದ್ರ ಕಾಣದ ಹುಳಾನ ಕಂಡೇನಿ ಅಂತ ಬರದ್ರ ಅದು ವಿಜ್ಞಾನ ಅಲ್ಲ. ಅವರು ಬ್ಯಾರೆ ಊರಾಗ ನೀರು ಕುಡದಿರಬೇಕು."

ಭೀಮಶ್ಯಾ ಇಂಡಿಯವನು. ನಿಂಬೆಹಣ್ಣಿನ ಊರಿನವನಾದದ್ದಕ್ಕೋ ಏನೋ, ಮಾತು ಯಾವಾಗಲೂ ಹುಳಿ. "ಬೇಕಾದ್ರ ನಮ್ಮ ಬಾವ್ಯಾಗಿನ ನಾಕು ಹುಳಾ ಕೊಡತೇನಿ, ಬಿಟ್ಟ ಬಾ" ಎಂದ. ಉಳಿದವರು ನಕ್ಕರು. ಮೆಹರಾಜಳಿಗೆ ನಗು ಬರಲಿಲ್ಲ, ಸಿಟ್ಟು ಬಂತು. ಸಿಟ್ಟಿನ ಜೊತೆಗೆ ಹಟವೂ ಬಂತು. ಸಿಂದಗಿಯ ಅರಿವೆ ವ್ಯಾಪಾರಿ ಕಾಸಿಂಸಾಬನ ಮಗಳು ಆಕೆ. ಹಟ ಮಾಡಿಯೇ ಮ್ಯಾಟ್ರಿಕ್ ಓದಿದ್ದಳು, ಹಟ ಮಾಡಿಯೇ ಕಾಲೇಜು ಸೇರಿದ್ದಳು.

"ನಾಳೆ ಮಧ್ಯಾಹ್ನದ ಮಟಾ ಆ ಸಾಲು ಖಾಲಿ ಬಿಡ್ರಿ ಸರ. ನಾ ಹೋಗಿ ಬರ್ತೇನಿ. ಆಗೂ ಹುಳಾ ಕಾಣದಿದ್ರ ನಾನ ನನ್ನ ಕೈಲೆ ಸ್ವಚ್ಛ ಐತಿ ಅಂತ ಬರೀತೇನಿ."

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಸಾಹೇಬ್ರು ಬಂದ ಮ್ಯಾಲ ನಾ ತಡಿಯೂದಿಲ್ಲ ನೋಡು" ಎಂದರು. ಅದು ಹೂಂ ಅಂದಂತೆಯೇ.

ಮರುದಿನ ಮೊದಲ ಬಸ್ಸಿಗೇ ಹೋಗಿ ಬಿಳಿಕುಂಟಿಯ ಅಗಸೆಬಾಗಿಲಲ್ಲಿ ಇಳಿದಳು. ರೇವಪ್ಪನ ಹೆಂಡತಿ ಹೊನ್ನವ್ವ ರೊಟ್ಟಿ ಬಡಿಯುತ್ತಿದ್ದವಳು, ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಇಷ್ಟು ದಿನವೂ ಮೆಹರಾಜಳ ಬಾಟಲಿ ತುಂಬಿ ಕೊಟ್ಟದ್ದು ಈಕೆಯೇ. ಬಾವಿಯ ಮೆಟ್ಟಿಲಿಗೆ ಪಾಚಿ ಕಟ್ಟಿದೆ, ಓದುವ ಹುಡುಗಿ ಜಾರಿ ಬಿದ್ದರೆ ನಿಮ್ಮಪ್ಪನಿಗೆ ಏನು ಉತ್ತರ ಕೊಡಲಿ ಎಂದು ಒಂದು ದಿನವೂ ಕೆಳಗಿಳಿಯಗೊಟ್ಟಿರಲಿಲ್ಲ. ಮೆಹರಾಜ ಪಡಸಾಲೆಯಲ್ಲಿ ಕೂತು ರೇವಪ್ಪನ ಹುಣ್ಣು ನೋಡುವಷ್ಟರಲ್ಲಿ ತುಂಬಿದ ಬಾಟಲಿ ಬಂದುಬಿಡುತ್ತಿತ್ತು.

"ಇವತ್ತ ನಾನ ಇಳಿತೇನ್ರಿ ಅಕ್ಕಾರ" ಎಂದಳು ಮೆಹರಾಜ.

"ಯಾಕ ತಂಗೀ, ನಾ ತುಂಬಿದ್ದು ಚೊಲೊ ಇರಲಿಲ್ಲೇನು?"

ಮೆಹರಾಜ ಬಾವಿಯ ದಾರಿ ಹಿಡಿದಳು. ಒಂದು ಮೆಟ್ಟಿಲಲ್ಲಿ ನಿಜಕ್ಕೂ ಜಾರಿ ಮೊಣಕಾಲು ತರಚಿತು. ಬಾಟಲಿ ಮುಳುಗಿಸಿ ತುಂಬಿ, ಮೇಲೆ ಬಂದು ಬಿಸಿಲಿಗೆ ಹಿಡಿದಳು. ನೀರಲ್ಲಿ ಬಿಳಿ ಚುಕ್ಕೆಗಳು ಜಿಗಿಜಿಗಿದು ಓಡುತ್ತಿದ್ದವು. ಭೂತಗನ್ನಡಿಯನ್ನು ಹಚ್ಚಿ ನೋಡಿದಳು. ಸಂಶಯವೇ ಇಲ್ಲ, ಸೈಕ್ಲೋಪ್ಸ್, ಬಾಟಲಿ ತುಂಬ.

"ಅಕ್ಕಾರ, ನೀವು ನನಗ ಯಾವ ಬಾವಿ ನೀರು ಕೊಡತಿದ್ರಿ?"

ಹೊನ್ನವ್ವನಿಗೆ ಮಾತು ನಾಟಿತು. "ಇದ ಬಾವಿದು! ಸುಳ್ಳ ಹೇಳಾಕ ನಾ ಯಾಂವರೆ ಕಳ್ಳನ ಮಗಳೇನು? ಪರೀಕ್ಷಾಕ್ಕ ಹೊಂಟ ನೀರು ಅಂತ ನೀನ ಅಂದಿದ್ದಿ. ನಮ್ಮೂರ ನೀರು ಹೊಲಸ ಅಂತ ನಾಕು ಮಂದ್ಯಾಗ ಅನಿಸಿಕೊಳ್ಳೂದ? ಹಳೇ ಸೀರಿ ಎರಡು ಪದರ ಮಾಡಿ, ಸೋಸಿ ಸೋಸಿ ತುಂಬೇನಿ ನೋಡು, ಒಂದು ಕಸಾ ಇರದಂಗ!"

ಮೆಹರಾಜ ಹಣೆ ಬಡಿದುಕೊಂಡಳು. ಇಡೀ ಬೇಸಿಗೆ ಬಿಸಿಲಲ್ಲಿ ಓಡಾಡಿದ್ದೆಲ್ಲ ನೀರಲ್ಲಿ ಹೋಯಿತಲ್ಲ ಎಂದು ಅಳು ಬಂತು. ಊರು ಪಾಸಾಗಲಿ ಎಂದು ಈ ಪುಣ್ಯಾತ್ಮಳು ಉತ್ತರಪತ್ರಿಕೆಯನ್ನೇ ತೊಳೆದು ಕಳಿಸಿದ್ದಳು. ಬೈಯಬೇಕೆಂದು ಬಾಯಿ ತೆರೆದವಳು ಹಾಗೇ ನಿಂತಳು. ಹುಳ ಇದ್ದ ನೀರು ಬಟ್ಟೆ ದಾಟಿ ಬಂದಾಗ ಹುಳ ಇರಲಿಲ್ಲ. ಒಂದು ಸಲವೂ ಇರಲಿಲ್ಲ. ಹಾಗಾದರೆ ಅವು ಹೋದದ್ದೆಲ್ಲಿ?

"ಆ ಸೀರಿ ಎಲ್ಲೈತ್ರಿ? ತರ್ರಿ, ಲಗೂನ ತರ್ರಿ!"

ಪಡಸಾಲೆಯಲ್ಲಿ ರೇವಪ್ಪನ ಎದುರೇ ಹೊಸದಾಗಿ ತಂದ ಕೊಡದ ನೀರನ್ನು ಸೋಸಿದರು. ಕೆಳಗಿನ ತಂಬಿಗೆಯ ನೀರನ್ನು ಗಾಜಿನ ಗ್ಲಾಸಿಗೆ ಹಾಕಿ ಬಿಸಿಲಿಗೆ ಹಿಡಿದಳು, ಸುಮ್ಮನಿತ್ತು. ಆಮೇಲೆ ಸೀರೆಯನ್ನು ಮಗುಚಿ, ಆ ಸೋಸಿದ ನೀರಲ್ಲೇ ಸ್ವಲ್ಪವನ್ನು ಮೇಲೆ ಸುರಿದು ಇನ್ನೊಂದು ಗ್ಲಾಸಿಗೆ ಇಳಿಸಿದಳು. ಆ ಗ್ಲಾಸು ಹುಳಗಳಿಂದ ಗಿಜಿಗುಡುತ್ತಿತ್ತು.

ಹೊನ್ನವ್ವ ಭೂತಗನ್ನಡಿ ಹಿಡಿದು ಬಗ್ಗಿದಳು.

"ಇವನ್ನ ಕುಡಿಯಾಕತ್ತಿದ್ವೇನು ನಾವು?"

"ಹೌದ್ರಿ. ರೇವಪ್ಪಣ್ಣನ ಕಾಲಾಗಿಂದು ಹೋದ ವರ್ಷ ಇದರಾಗಿಂದನ ಬಂದದ್ದು" ಎಂದಳು ಮೆಹರಾಜ.

"ಮನಿಯಾಗ ಸೋಸೂದಿಲ್ಲೇನ್ರಿ?" ಎಂದು ಆಮೇಲೆ ಅವಳೇ ಮೆಲ್ಲಗೆ ಕೇಳಿದಳು.

"ಬೀಗರು ಬಂದಾಗ ಸೋಸತೇನಿ" ಎಂದಳು ಹೊನ್ನವ್ವ. ಗಂಡನ ಕಾಲಿನ ಬೆಂಕಿಕಡ್ಡಿಯನ್ನು ನೋಡುತ್ತಿದ್ದಳು. "ಬೀಗರಿಗೆ ಸೋಸಿ ಕೊಟ್ಟೆ, ನಿನ್ನ ಬಾಟ್ಲಿಗೆ ಸೋಸಿ ಕೊಟ್ಟೆ. ಇವರಿಗೆ ಹಂಗ ಕೊಟ್ಟೆ." ಅವಳ ಕಣ್ಣು ತುಂಬಿತು. ರೇವಪ್ಪ ಹೆಂಡತಿಯ ಕೈಮೇಲೆ ಕೈಯಿಟ್ಟ. ಆದರೆ ಅಳುತ್ತ ಕೂಡಲು ಹೊತ್ತಿರಲಿಲ್ಲ.

"ಏಳ್ರಿ ಅಕ್ಕಾರ. ಸೀರಿ ತಗೋರಿ, ಕೊಡ ತಗೋರಿ. ಬಾಗೇವಾಡಿಗೆ ಹೋಗೂಣು."

ಸಾಹೇಬರ ಕೊರಳಿಗೆ ಹಾರ ಬಿದ್ದು, ಭೀಮಶ್ಯಾ ವರದಿ ಹಂಚಲು ಎದ್ದಾಗ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು. ಮೆಹರಾಜಳ ಮೊಣಕಾಲಿನ ಬಳಿ ರಕ್ತ ಒಣಗಿತ್ತು, ಹೊನ್ನವ್ವನ ಟೊಂಕದಲ್ಲಿ ಬಾವಿನೀರಿನ ಕೊಡ. ಸರ್ ಒಂದು ಸಲ ಇಬ್ಬರನ್ನೂ ನೋಡಿ, "ಒಳಗ ಬರ್ರಿ" ಎಂದರು.

ಮೆಹರಾಜ ಏನನ್ನೂ ಮುಚ್ಚಿಡಲಿಲ್ಲ. ತಾನು ಕೈಯಾರೆ ನೀರು ತುಂಬಿಕೊಳ್ಳಲಿಲ್ಲ, ಆ ಬಾಟಲಿಗಳೆಲ್ಲ ಸೋಸಿದ ನೀರಿನವು ಎಂದು ಮೊದಲೇ ಹೇಳಿದಳು. ನಂತರ ಎಲ್ಲರೆದುರು ಹೊನ್ನವ್ವನಿಂದಲೇ ನೀರು ಸೋಸಿಸಿದಳು. ಸಾಹೇಬರು ಸೂಕ್ಷ್ಮದರ್ಶಕದಲ್ಲಿ ಮೊದಲು ಬಾವಿಯ ನೀರು ನೋಡಿದರು, ಆಮೇಲೆ ಸೋಸಿದ ನೀರು, ಆಮೇಲೆ ಸೀರೆ ತೊಳೆದ ನೀರು. ನೋಡಿ, ಮೇಜಿನ ಮೇಲಿದ್ದ ತಮ್ಮ ಕುಡಿಯುವ ನೀರಿನ ಲೋಟವನ್ನು ಅತ್ತ ಸರಿಸಿದರು.

"ಬೋರಿಗೆ ಬರೀತೇನಿ" ಎಂದರು. "ಆದ್ರ ಯಾವಾಗ ಬರತೈತಿ ಅಂತ ಮಾತ್ರ ಕೇಳಬ್ಯಾಡ್ರಿ."

"ಅಲ್ಲೀಮಟಾ ಇದೈತಲ್ರಿ" ಎಂದು ಮೆಹರಾಜ ಹಸಿ ಸೀರೆಯನ್ನು ಎತ್ತಿ ತೋರಿಸಿದಳು.

ಬಸಂತರಾಯ ಸರ್ ವರದಿಗಳನ್ನೆಲ್ಲ ಮರಳಿ ಇಸಿದುಕೊಂಡರು. "ಭೀಮಶ್ಯಾ, ಹೊಸಾ ಪ್ರತಿ ತಗ್ಯಾಕ ಇನ್ನೊಂದು ಸ್ಟೆನ್ಸಿಲ್ ಕೊಯ್ಯಿ. ಕೆಟ್ಟ ಬಾವ್ಯಾಗ ಬಿಳಿಕುಂಟಿ ಸೇರಿಸು. ಮೊದಲನೇ ಹಾಳ್ಯಾಗ ಸೀರಿ ವಿಷಯ ಬರಿ, ಎರಡು ಪದರ ಅಂತ ಬರಿ." ಭೀಮಶ್ಯಾ ಈ ಸಲ ಹುಳಿ ಮಾತಾಡಲಿಲ್ಲ. "ನಿನ್ನ ಹೆಸರು ಮೊದಲ ಹಾಕತೇನಿ ಬಿಡವಾ" ಎಂದ.

"ನಂದೂ ಅಕ್ಕಾರದೂ ಇಬ್ಬರದೂ ಹಾಕು" ಎಂದಳು ಮೆಹರಾಜ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಹೊನ್ನವ್ವ ಒಣಗಿದ ಸೀರೆಯನ್ನು ಮಡಿಚಿ ಬಗಲಲ್ಲಿ ಇಟ್ಟುಕೊಂಡು ನಿಂತಿದ್ದಳು. ಮುಖ ಬಾಡಿತ್ತು.

"ಅಂತೂ ನಮ್ಮೂರು ಫೇಲ್ ಆತು."

"ಫೇಲ್ ಆದದ್ದಕ್ಕ ಬೋರು ಬರತೈತ್ರಿ ಅಕ್ಕಾರ. ಊರಾಗ ಕೇಳಿದ್ರ ಹಂಗ ಹೇಳ್ರಿ."

ಬಸ್ಸು ಬಂತು. ಹೊನ್ನವ್ವ ಖಾಲಿ ಕೊಡ ಹೊತ್ತು ಹತ್ತಿದಳು, ಕಿಟಕಿಯ ಪಕ್ಕ ಜಾಗ ಹಿಡಿದಳು. ಗಾಡಿ ಹೊರಡುವಾಗ ತಲೆ ಹೊರಗೆ ಹಾಕಿ ಕೂಗಿದಳು:

"ಬೋರು ಬರಲಿ ಬಿಡಲಿ ತಂಗೀ, ಇವತ್ತಿನಿಂದ ನನ್ನ ಗಂಡನೂ ಬೀಗ, ನಾನೂ ಬೀಗತಿ!"