ಅವರ ಕಾರು, ಇವರ ಕೈ

ಮದುವೆಯಾಗಿ ವರ್ಷ ಕಳೆಯುವಷ್ಟರಲ್ಲಿ ಡ್ರೈವರಿಗೆ ಆ ಮನೆ ಪೂರ್ತಿ ರೂಢಿಯಾಗಿತ್ತು. ಯಾವ ಕಿಟಕಿಯ ಚಿಲಕ ಸಡಿಲ, ಯಾವ ನಲ್ಲಿ ನೀರಿಗಿಂತ ಮೊದಲು ಗಾಳಿ ಬಿಡುತ್ತದೆ, ಎಲ್ಲ ಗೊತ್ತಿತ್ತು. ಅವನು ಕಾಲಿಡದೆ ಉಳಿದದ್ದು ಪಕ್ಕದ ತಗಡಿನ ಶೆಡ್ಡಿನಲ್ಲಿ ಮಾತ್ರ. ಅಲ್ಲಿ, ಹಳೆಯ ಪರದೆಗಳನ್ನು ಜೋಡಿಸಿ ಹೊಲಿದ ಹೊದಿಕೆಯಡಿ, ಹೆಂಡತಿಯ ಮೊದಲ ಗಂಡನ ಕಾರು ನಿಂತಿತ್ತು.

ಇಬ್ಬರಿಗೂ ಐವತ್ತು ದಾಟಿತ್ತು. ಅವಳು ಮನೆಯ ಮುಂಗೋಣೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಳು; ಬೀದಿಗೆಲ್ಲ ಟೈಲರಮ್ಮ. ಅವನು ಶಾಲೆಯ ಬಸ್ ಓಡಿಸುವವನು, ಮದುವೆಯಿಲ್ಲದೆ ಉಳಿದವನು. ಒಂದು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದವನು ಆಮೇಲೆ ಸರಿಯಾಗಿದ್ದ ಪ್ಯಾಂಟುಗಳನ್ನೂ ಹೊತ್ತು ತರತೊಡಗಿದ. “ಇನ್ನೂ ಗಿಡ್ಡ ಮಾಡಿದ್ರೆ ಇದು ನಿಮ್ಮ ಬಸ್ಸಿನ ಮಕ್ಕಳಿಗೇ ಆಗೋದು” ಎಂದು ಅವಳು ನಕ್ಕ ದಿನ ಇಬ್ಬರಿಗೂ ವಿಷಯ ಗೊತ್ತಾಗಿಹೋಯಿತು. ಮದುವೆಯ ನಂತರವೂ ಅವನು ಅವಳನ್ನು ‘ನೀವು’ ಎಂದೇ ಮಾತಾಡಿಸುತ್ತಿದ್ದ.

ಮೊದಲ ಗಂಡ ರೇಡಿಯೋ ರಿಪೇರಿಯವನು. ಆರು ವರ್ಷಗಳ ಹಿಂದೆ ಒಂದು ಬೆಳಗ್ಗೆ, ಯಾರದೋ ರೇಡಿಯೋ ಬಿಚ್ಚಿಟ್ಟುಕೊಂಡು ಕೂತಲ್ಲೇ ಮೇಜಿಗೆ ತಲೆಯಿಟ್ಟವನು ಏಳಲಿಲ್ಲ. ಅವನ ಬಗ್ಗೆ ಅವಳು ಮಾತು ತೆಗೆಯುತ್ತಿರಲಿಲ್ಲ, ಇವನು ಕೇಳುತ್ತಿರಲಿಲ್ಲ.

ಶಾಲೆಗೆ ದೊಡ್ಡ ರಜೆ ಬಂತು. ಕೈ ಕಟ್ಟಿ ಕೂರುವುದು ಬಾರದ ಡ್ರೈವರ್ ನಾಲ್ಕು ದಿನ ಚಿಲಕ, ನಲ್ಲಿ ಎಲ್ಲ ಸರಿ ಮಾಡಿ, ಐದನೆಯ ದಿನ ಬಾಗಿಲ ಬಳಿ ನಿಂತು ಕೇಳಿದ: “ಆ ಕಾರಿನ ಬಾನೆಟ್ ಒಂದ್ಸಲ ತೆಗೆದು ನೋಡ್ಲಾ?”

ಮೆಷಿನ್ ನಿಂತಿತು. “ಅದು ಬೇಡ ರೀ.”

ಅವನು ಮತ್ತೆ ಕೇಳಲಿಲ್ಲ. ವಾರದ ನಂತರ ಅವನ ಚಹಾ ಲೋಟದ ಪಕ್ಕದಲ್ಲಿ ಒಂದು ಬೀಗದ ಕೈ ಇತ್ತು. “ನೋಡಿ ಬೇಕಾದ್ರೆ. ಸರಿಹೋಗ್ಲೇಬೇಕು ಅಂತೇನಿಲ್ಲ” ಎಂದು ಅವಳು ಬೆನ್ನು ತಿರುಗಿಸಿಯೇ ಹೇಳಿದಳು.

ಎಂಜಿನ್ ಕಲ್ಲಿನಂತೆ ಬಿಗಿದುಕೊಂಡಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿದ ತೂತುಗಳಲ್ಲಿ ಎಣ್ಣೆ ಹೊಯ್ದು, ದಿನಕ್ಕೊಮ್ಮೆ ಪಾನಾ ಹಾಕಿ ತಿರುಗಿಸಿ ನೋಡಿದ. ಕದಲಲಿಲ್ಲ. ಪಕ್ಕದ ಬೀದಿಯಲ್ಲಿ ಕಬ್ಬಿಣ ಕಡೆಯುವ ಲೇತ್‌ನವನು ಬಂದು ಬಗ್ಗಿ ನೋಡಿ ತಲೆಯಾಡಿಸಿದ.

“ಮೂಗಿಗಿಂತ ಮೂಗುತಿ ಭಾರ ಆಗುತ್ತೆ ಅಣ್ಣಾ. ಗುಜರಿಗೆ ಹಾಕ್ಬಿಡಿ.”

“ಹಳೇದು ಅಂತ ಗುಜರಿಗೆ ಹಾಕೋ ಹಾಗಿದ್ರೆ ಮೊದ್ಲು ನನ್ನನ್ನ ಹಾಕ್ಬೇಕಾಗುತ್ತೆ. ಎಂಜಿನ್ ಮೇಲಕ್ಕೆತ್ತೋಕೆ ನಿನ್ನ ಚೈನ್ ಕೊಡ್ತೀಯೋ ಇಲ್ವೋ?”

ಚೈನಿನ ಜೊತೆ ಲೇತ್‌ನವನೂ ಬಂದ. ಎಂಜಿನ್ ಹೊರಬಂದು, ಊಟದ ಹಳೆಯ ಮೇಜಿನ ಮೇಲೆ ಕೂತಿತು. ಡ್ರೈವರ್ ಒಂದೊಂದೇ ಭಾಗ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಬಿಚ್ಚಿದ ಕ್ರಮದಲ್ಲೇ ನೆಲದ ಮೇಲೆ ಸಾಲಾಗಿಟ್ಟ. ಅವನು ಮೆಕ್ಯಾನಿಕ್ ಅಲ್ಲ. ಬಸ್ ಕೆಟ್ಟು ದಾರಿಯಲ್ಲಿ ನಿಂತಾಗ ಕಲಿತದ್ದೇ ವಿದ್ಯೆ.

ಬಿಚ್ಚಿದಂತೆಲ್ಲ ಅಲ್ಲಲ್ಲಿ ರೇಡಿಯೋದವನ ಕೈಗುರುತು ಸಿಗುತ್ತಿತ್ತು. ಸಡಿಲವಾದ ಕಡೆಯೆಲ್ಲ ತಾಮ್ರದ ತೆಳ್ಳನೆ ತಂತಿ, ಜಡೆ ಹೆಣೆದಂತೆ ನೀಟಾಗಿ ಸುತ್ತಿದ್ದ. ಮೇಲಿನ ಮುಚ್ಚಳದಡಿ ಆಯಿಲ್ ಸೋರದಂತೆ ಇಡುವ ಗ್ಯಾಸ್ಕೆಟ್ ಅಂಗಡಿಯದಲ್ಲ, ರಟ್ಟು ಕತ್ತರಿಸಿ ಮಾಡಿದ್ದು. ಡ್ರೈವರ್ ಅದನ್ನು ಹಿಡಿದು ಮುಂಗೋಣೆಗೆ ಹೋದ.

“ಇದೇನು ನೋಡಿ, ಶೂ ಪೆಟ್ಟಿಗೆ ಥರ ಇದೆ.”

ಅವಳು ಕನ್ನಡಕ ಏರಿಸಿ ನೋಡಿದಳು. “ಥರ ಏನು, ಶೂ ಪೆಟ್ಟಿಗೇನೇ. ಮಗಳ ಸ್ಕೂಲ್ ಶೂದು. ಶೂ ಸೈಜ್ ಆಗ್ಲಿಲ್ಲ, ವಾಪಸ್ ಕೊಡೋಣ ಅಂದ್ರೆ ಪೆಟ್ಟಿಗೇನೇ ಇಲ್ಲ! ಅಂಗಡಿಯವನ ಹತ್ರ ನಾನು ಜಗಳ ಆಡಿ ಬಂದೆ, ಅವರು ಇಲ್ಲಿ ತುಟಿಪಿಟಕ್ ಅಂದಿಲ್ಲ.” ಹೇಳುತ್ತಾ ಹೇಳುತ್ತಾ ನಗು ಬಂತು. ಅವಳ ಬಾಯಲ್ಲಿ ಅವನ ಸುದ್ದಿ ಬಂದದ್ದು ಅದೇ ಮೊದಲು.

ಅಂದಿನಿಂದ ಸಂಜೆ ಅವಳು ಚಹಾ ತಂದು ಶೆಡ್ಡಿನ ಹೊಸ್ತಿಲಲ್ಲಿ ಕೂರತೊಡಗಿದಳು. ಒಂದು ತಂತಿಗೆ ಒಂದು ಕಥೆ. ಸತ್ತವನ ಮೇಲೆ ಹೊಟ್ಟೆಕಿಚ್ಚಾದೀತೆಂದು ಡ್ರೈವರಿಗೆ ಒಳಗೊಳಗೇ ಅಳುಕಿತ್ತು. ಹಾಗಾಗಲಿಲ್ಲ. ಆ ಮನುಷ್ಯ ಇದ್ದಿದ್ದರೆ ಜೊತೆಗೆ ಕೂತು ಒಂದು ಲೋಟ ಚಹಾ ಕುಡಿಯಬಹುದಿತ್ತು ಅನ್ನಿಸಿತು.

ಕೊನೆಗೆ ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿದಾಗ ಎಂಜಿನ್ ಸತ್ತ ಕಾರಣ ಕೈಗೆ ಸಿಕ್ಕಿತು. ಆಯಿಲ್ ಎಳೆದುಕೊಳ್ಳುವ ಪಂಪಿನ ಬಾಯಿಗಿದ್ದ ಜಾಲರಿಗೆ ಗಟ್ಟಿಯಾದ ಪೇಸ್ಟಿನ ಉಂಡೆಗಳು ಮೆತ್ತಿಕೊಂಡಿದ್ದವು. ಚೇಂಬರ್ ಸೋರದಿರಲೆಂದು ರೇಡಿಯೋದವನು ಅಂಚಿಗೆ ಹಚ್ಚಿದ ಪೇಸ್ಟ್ ಅದು. ವಿಪರೀತ ಹಚ್ಚಿದ್ದರಿಂದ ಒಳಕ್ಕೆ ಇಳಿದು ಜಾಲರಿಯ ತೂತುಗಳನ್ನು ಮುಚ್ಚಿಬಿಟ್ಟಿತ್ತು. ಆಯಿಲ್ ಮೇಲೇರದೆ ಪಿಸ್ಟನ್‌ಗಳು ಒಣಗಿ ಕಚ್ಚಿಕೊಂಡಿದ್ದವು. ಡ್ರೈವರ್ ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಜಾಲರಿಯನ್ನು ಬಟ್ಟೆಯಲ್ಲಿ ಸುತ್ತಿ ತೊಲೆಯ ಮೇಲಿಟ್ಟುಬಿಟ್ಟ.

ಆ ವಾರ ಮಗಳು ಬಂದಳು. ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸ್. ತಾಯಿಯ ಮದುವೆಗೆ ಬೇಡ ಅಂದಿರಲಿಲ್ಲ, ಹೂಂ ಅಂದಿರಲೂ ಇಲ್ಲ. ಶೆಡ್ಡಿನ ಬಾಗಿಲು ತೆರೆದದ್ದು ಕಂಡು ಒಳಗೆ ಇಣುಕಿದವಳು ಬ್ಯಾಗು ಇಳಿಸದೆ ಅಡುಗೆಮನೆಗೆ ನಡೆದಳು.

“ಅಮ್ಮಾ, ಅಪ್ಪನ ಗಾಡಿ ಚೂರುಚೂರಾಗಿ ಬಿದ್ದಿದೆ! ಅದನ್ನ ಬಿಚ್ಚೋಕೆ ಇವರಿಗ್ಯಾರು ಹೇಳಿದ್ದು?”

“ನಾನೇ ಹೇಳಿದ್ದು.”

“ಅಪ್ಪ ಇಟ್ಟ ಹಾಗೇ ಇರ್ಲಿ ಅಂತ ನೀನೇ ತಾನೇ ಅಂದಿದ್ದು?”

“ಅಪ್ಪ ಇಟ್ಟಿದ್ದಲ್ಲ ಕಣೇ ಅದು, ನಾನು ಕೆಡಿಸಿಟ್ಟಿದ್ದು!” ಟೈಲರಮ್ಮನ ದನಿ ಒಡೆಯಿತು. “ನಂಗೆ ಡ್ರೈವಿಂಗ್ ಕಲಿಸ್ತಿದ್ರಲ್ಲ. ಅವತ್ತೊಂದಿನ ಹೇಳದೆ ಕೇಳದೆ ಒಬ್ಳೇ ತಗೊಂಡು ಹೋದೆ. ದಾರೀಲಿ ಸ್ಟೀರಿಂಗ್ ಮುಂದೆ ಒಂದು ಕೆಂಪು ದೀಪ ಹತ್ತಿತು. ಏನಂತ ಗೊತ್ತಾಗ್ದೆ ಹಾಗೇ ಓಡಿಸ್ಕೊಂಡು ಬಂದೆ. ಗೇಟ್ ಹತ್ರ ಟಣ್ ಅಂತ ನಿಂತೋಯ್ತು. ಅವರು ಒಂದು ಮಾತು ಬೈಲಿಲ್ಲ. ಆಮೇಲೆ ನೋಡೋಣ ಬಿಡು ಅಂತ ಶೆಡ್ ಮುಚ್ಚಿದ್ರು. ಆ ಆಮೇಲೆ ಅನ್ನೋದು ಬರ್ಲೇ ಇಲ್ಲ. ಬೈದಿದ್ರೆ ಚೆನ್ನಾಗಿತ್ತು.”

ಹಿತ್ತಿಲ ಬಾಗಿಲಲ್ಲಿ ಕೈತುಂಬ ಗ್ರೀಸ್ ಮೆತ್ತಿಕೊಂಡು ನಿಂತಿದ್ದ ಡ್ರೈವರಿಗೆ ಇದೆಲ್ಲ ಕೇಳಿಸಿತು. ಅವನು ಸರಸರನೆ ಶೆಡ್ಡಿಗೆ ಹೋಗಿ, ಬಟ್ಟೆಯ ಗಂಟು ತಂದು ಹೆಂಡತಿಯೆದುರು ಬಿಚ್ಚಿದ.

“ನಿನ್ನ ತಪ್ಪಲ್ಲ ಅದು. ಇಲ್ಲಿ ನೋಡು. ಈ ಪೇಸ್ಟ್ ಬಂದು ಜಾಲರಿ ಕಟ್ಕೊಂಡಿದೆ. ದೀಪ ಹತ್ತೋ ಮೊದ್ಲೇ ಎಂಜಿನ್ ಬಾಯಿ ಒಣಗಿತ್ತು. ಯಾರು ಓಡಿಸಿದ್ರೂ ಅವತ್ತಲ್ಲದಿದ್ರೆ ಮಾರನೇ ದಿನ ನಿಲ್ತಿತ್ತು. ಅವರೇ ಓಡಿಸಿದ್ರೂ ಅಷ್ಟೇ.”

ಅವಳು ಜಾಲರಿಯನ್ನು ಕೈಯಲ್ಲಿ ಹಿಡಿದು, ಉಗುರಿನಿಂದ ಒಂದು ಉಂಡೆಯನ್ನು ಕೆರೆದಳು. “ಯಾವಾಗ ಸಿಕ್ಕಿತು?”

“ನಾಲ್ಕು ದಿನ ಆಯ್ತು. ಹೋದವರ ತಪ್ಪು ಎತ್ತಿ ಆಡೋದು ಬೇಡ ಅಂತ ಸುಮ್ನಿದ್ದೆ. ನೀನು ಇಷ್ಟು ವರ್ಷ ಇದನ್ನ ಎದೆ ಮೇಲೆ ಹೊತ್ಕೊಂಡಿದ್ದೀಯ ಅಂತ ನಂಗೇನು ಗೊತ್ತು?”

ಅವಳು ಜಾಲರಿಯನ್ನು ಮತ್ತೆ ಬಟ್ಟೆಯ ಮೇಲಿಟ್ಟಳು. ಆಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಮಗಳು ಹತ್ತಿರ ಬಂದರೆ, ಅಳುವಿನ ಜೊತೆ ನಗುವೂ ಇತ್ತು. “ಅಂಟು ಹಚ್ಚೋದ್ರಲ್ಲಿ ಅವರದ್ದು ಯಾವಾಗ್ಲೂ ಧಾರಾಳ. ಚಪ್ಪಲಿ ಅಂಟಿಸಿದ್ರೆ ಚಪ್ಪಲಿ ನೆಲಕ್ಕೇ ಕೂತ್ಬಿಡ್ತಿತ್ತು.”

“ನನ್ನ ಸ್ಕೂಲ್ ಬ್ಯಾಗಿನ ಹಿಡಿ ಅಂಟಿಸಿದ್ರಲ್ಲ,” ಎಂದಳು ಮಗಳು ಮೂಗು ಒರೆಸಿಕೊಳ್ಳುತ್ತಾ, “ಆಮೇಲೆ ಬ್ಯಾಗೇ ತೆರೀಲಿಲ್ಲ.”

ಬಂದ ದಿನವೇ ಹೊರಡುತ್ತೇನೆಂದಿದ್ದ ಮಗಳು ಎರಡು ದಿನ ಉಳಿದಳು. ನೆಲದ ಮೇಲಿದ್ದ ಭಾಗಗಳನ್ನೆಲ್ಲ ಆಪರೇಷನ್ನಿನ ತಟ್ಟೆಯಲ್ಲಿ ಜೋಡಿಸುವಂತೆ ಬಿಳಿ ಬಟ್ಟೆಯ ಮೇಲೆ ಮರುಜೋಡಿಸಿ, “ಅಂಕಲ್, ಕೈ ತೊಳೀದೆ ಇದನ್ನ ಮುಟ್ಟಂಗಿಲ್ಲ” ಎಂದು ತಾಕೀತು ಮಾಡಿದಳು. ಗ್ರೀಸಿನ ಕೈಯವನು ಹೋಗಿ ತೊಳೆದುಕೊಂಡು ಬಂದ.

ಇನ್ನು ಖರ್ಚಿನ ಚಿಂತೆ. ಆ ಕಾರಿನ ಪಿಸ್ಟನ್ ಈಗ ಎಲ್ಲೂ ಸಿಗದು, ಸಿಕ್ಕರೂ ಕೈಗೆಟುಕದು. ಒಂದು ಹಳೆಯ ವ್ಯಾನಿನ ಪಿಸ್ಟನ್‌ಗಳು ಹೆಚ್ಚುಕಡಿಮೆ ಹೊಂದುತ್ತವೆ, ಅದಕ್ಕೆ ತಕ್ಕಂತೆ ಎಂಜಿನ್ನನ್ನು ಕೊರೆದುಕೊಡಬಹುದು ಎಂದ ಲೇತ್‌ನವನು. ಕೂಲಿ ಎಷ್ಟೆಂದು ಡ್ರೈವರ್ ಕೇಳುವ ಮೊದಲೇ ಟೈಲರಮ್ಮ ಟೇಪು ಹಿಡಿದು ಲೇತ್‌ನವನ ಸ್ವಂತ ವ್ಯಾನಿನ ಹರಿದ ಸೀಟುಗಳ ಅಳತೆ ತೆಗೆಯುತ್ತಿದ್ದಳು. “ಸೀಟು ಕವರ್ ನಂದು, ಕೊರೆಯೋದು ನಿಂದು. ಲೆಕ್ಕ ಚುಕ್ತಾ.”

ಗ್ಯಾಸ್ಕೆಟ್‌ಗಳನ್ನೂ ಅವಳೇ ಕತ್ತರಿಸಿದಳು, ಕುಪ್ಪಸದ ಕೊರಳು ಕತ್ತರಿಸುವ ಕತ್ತರಿಯಲ್ಲಿ, ಗೆರೆ ತಪ್ಪದೆ. ಪಿಸ್ಟನ್ನಿನ ಉಂಗುರಗಳನ್ನು ಒತ್ತಿ ಒಳಗಿಳಿಸಲು ಬಿಸ್ಕತ್ತು ಡಬ್ಬಿಯ ತಗಡು ಸುತ್ತಿ ಇಬ್ಬರೂ ನಾಲ್ಕು ಕೈಗಳಲ್ಲಿ ಹಿಡಿದರು. ಒಂದು ಉಂಗುರ ಪಟ್ಟೆಂದು ಮುರಿಯಿತು. ಅವಳು ಹೆದರಿ ಅವನ ಮುಖ ನೋಡಿದರೆ, ಅವನು “ಲೋ ಉಂಗುರಾ, ನೀನು ಬೆರಳಿಗೇ ಲಾಯಕ್ಕು” ಎಂದು ಉಂಗುರಕ್ಕೇ ಬೈದ. ಚೇಂಬರಿಗೆ ಪೇಸ್ಟ್ ಹಚ್ಚುವ ಸರದಿ ಬಂದಾಗ ಮಾತ್ರ ಟ್ಯೂಬನ್ನು ಅವಳು ಯಾರ ಕೈಗೂ ಕೊಡಲಿಲ್ಲ. ಸೂಜಿಗೆ ದಾರ ಪೋಣಿಸುವಷ್ಟು ಎಚ್ಚರದಿಂದ ಎಳೆಯಂಥ ಗೆರೆ ಎಳೆದಳು.

ರಜೆ ಮುಗಿಯುವ ಹಿಂದಿನ ಭಾನುವಾರ, ಮಗಳು ಮತ್ತೆ ಬಂದಿದ್ದಾಗ ಕೀಲಿ ತಿರುಗಿಸಿದರು. ಮೊದಲು ಏನೂ ಇಲ್ಲ. ಆಮೇಲೆ ಢಂ ಎಂದು ಸದ್ದಾಗಿ ಎದುರು ಮನೆಯ ನಾಯಿ ಓಟ ಕಿತ್ತಿತು. ಡ್ರೈವರ್ ಅದಲುಬದಲಾಗಿದ್ದ ಎರಡು ಪ್ಲಗ್ ವೈರುಗಳನ್ನು ಬದಲಿಸಿದ. ಈ ಬಾರಿ ಎಂಜಿನ್ ಕೆಮ್ಮಿತು, ಶೆಡ್ ತುಂಬ ಹೊಗೆ ಉಗುಳಿತು, ಕುಂಟಿತು, ಮೆಲ್ಲಗೆ ಒಂದೇ ಲಯಕ್ಕೆ ಬಂದು ಓಡತೊಡಗಿತು. ಮಗಳು ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ತೆಗೆಯದೆ ನಿಂತಳು.

ಸಂಜೆ ಅವಳನ್ನು ಬಸ್ ನಿಲ್ದಾಣಕ್ಕೆ ಆ ಕಾರಿನಲ್ಲೇ ಬಿಟ್ಟರು. ಓಡಿಸಿದವಳು ಟೈಲರಮ್ಮ. ವಾಪಸಾಗುವಾಗ ತಿರುವಿನಲ್ಲಿ ಡ್ರೈವರನ ಬಲಗಾಲು ತನ್ನಷ್ಟಕ್ಕೆ ನೆಲ ಒತ್ತಿತು.

“ರೀ, ನಿಮ್ಮ ಕಡೆ ಬ್ರೇಕ್ ಇಲ್ಲ.”

“ಗೊತ್ತು. ಕಾಲಿಗೆ ಗೊತ್ತಿಲ್ಲ.”

ಮನೆಯ ಬೀದಿ ಬಂದರೂ ಅವಳು ತಿರುಗಿಸಲಿಲ್ಲ, ನೇರ ಹೋದಳು. ಅದು ಅವನು ವರ್ಷಗಟ್ಟಲೆ ಬಸ್ ಓಡಿಸಿದ ರಸ್ತೆ; ಅಕ್ಕಪಕ್ಕ ನೋಡುವ ಪುರುಸೊತ್ತು ಅವನಿಗೆ ಸಿಕ್ಕಿದ್ದೇ ಇಲ್ಲ. ಈಗ ಗಾಜು ಇಳಿಸಿ, ಮೊಣಕೈ ಹೊರಗಿಟ್ಟು ಆರಾಮಾಗಿ ಕೂತ.

“ಏನೇ, ಈ ರಸ್ತೇಲಿ ಇಷ್ಟೊಂದು ಮರ ಇದ್ವಾ?” ಎಂದ.